ಪುಕ್ಕಟೆ ಉಯ್ಯಾಲೆ ಎಷ್ಟು ಜಾಗ ತಿನ್ನುತ್ತೆ?

ತ್ರೀಡಿ ಮಾಡೆಲಿಂಗ್ ಕಲಿತು ಸೆಕೆಂಡ್ ಲೈಫ್‌ನಲ್ಲಿ ಅಂಗಡಿ ಇಡಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಾನು ದಿನಗಟ್ಟಲೆ ಕೂತು ಒಂದು ಕುರ್ಚಿ ಮಾಡಿ 300 ಲಿಂಡೆನ್‌ಗೆ ಇಡ್ತೀನಿ. ನೋಡೋಕೆ ಅಂಥದ್ದೇ ಇನ್ನೊಂದು 10 ಲಿಂಡೆನ್‌ಗೆ ಸಿಗುತ್ತೆ. ಮತ್ತೊಬ್ಬ ಪುಕ್ಕಟೆ ಹಂಚ್ತಾ ಇದ್ದಾನೆ. ನಾನೂ ಬೆಲೆ ಇಳಿಸ್ಲಾ?’ ಇಳಿಸಬೇಡಿ ಅಂತ ಹೇಳುತ್ತೇನೆ. ಆದರೆ ‘ಗುಣಮಟ್ಟಕ್ಕೆ ಬೆಲೆ ಇದ್ದೇ ಇದೆ’ ಎಂಬ ಸಮಾಧಾನದ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ. ಲೆಕ್ಕ ಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಸೆಕೆಂಡ್ ಲೈಫ್ 2003ರಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ ಶುರು ಮಾಡಿದ ವರ್ಚುವಲ್ ಲೋಕ. ಅಲ್ಲಿನ ಮನೆ, ಬಟ್ಟೆ, ಕೂದಲು, ಮರ, ಕುರ್ಚಿ ಬಹುಪಾಲು ಬಳಕೆದಾರರೇ ಮಾಡಿ ಮಾರಿದ್ದು. ಮಾಡಿದವನ ಹಕ್ಕು ಮಾಡಿದವನಿಗೇ ಎಂದು ಕಂಪನಿ ಅದೇ ವರ್ಷ ಘೋಷಿಸಿತು. ನಾಣ್ಯದ ಹೆಸರು ಲಿಂಡೆನ್ ಡಾಲರ್. ಒಂದು ಅಮೆರಿಕನ್ ಡಾಲರ್‌ಗೆ ಸುಮಾರು 250 ಲಿಂಡೆನ್ ಅಂತ ಇಟ್ಟುಕೊಳ್ಳಿ. ಅಂದರೆ 300 ಲಿಂಡೆನ್ ಕುರ್ಚಿಗೆ ಒಂದು ಡಾಲರ್ ಇಪ್ಪತ್ತು ಸೆಂಟ್. 10 ಲಿಂಡೆನ್ ಕುರ್ಚಿಗೆ ನಾಲ್ಕು ಸೆಂಟ್.

ಈ ಅಗ್ಗದ ಮಾಲು ಎಲ್ಲಿಂದ ಬರುತ್ತದೆ? ಕಾರ್ಖಾನೆಯಿಂದ ಅಲ್ಲ. ಹೆಚ್ಚಿನದು ಬರುವುದು ‘ಫುಲ್ ಪರ್ಮ್’ ಕಿಟ್‌ಗಳಿಂದ. ಯಾರೋ ಒಬ್ಬ ಸೋಫಾ ಮಾಡಿ, ಕಾಪಿ, ಮಾಡಿಫೈ, ಟ್ರಾನ್ಸ್‌ಫರ್ ಮೂರೂ ಅನುಮತಿ ಕೊಟ್ಟು ಬೇರೆ ವ್ಯಾಪಾರಿಗಳಿಗೆ ಮಾರುತ್ತಾನೆ. ಅವರು ಬಣ್ಣ ಬದಲಾಯಿಸಿ, ತಮ್ಮ ಲೋಗೋ ಅಂಟಿಸಿ ಮಾರುತ್ತಾರೆ. ಒಂದೇ ಸೋಫಾ ಹತ್ತಾರು ಅಂಗಡಿಯಲ್ಲಿ ಹತ್ತಾರು ಹೆಸರಲ್ಲಿ ಕಾಣುವುದು ಹೀಗೆ. ಇದರಲ್ಲಿ ಮೋಸ ಏನೂ ಇಲ್ಲ, ಲೈಸೆನ್ಸ್ ಪ್ರಕಾರವೇ ನಡೆಯುತ್ತದೆ. ಹೊಸಬರು ಕೈ ಪಳಗಿಸಿಕೊಳ್ಳಲು ಒಳ್ಳೆಯ ದಾರಿಯೂ ಹೌದು. ಉಳಿದದ್ದರಲ್ಲಿ ಸ್ವಲ್ಪ ಹಳೇ ಸ್ಟಾಕ್, ಸ್ವಲ್ಪ ದಾನ, ಸ್ವಲ್ಪ ಕದ್ದ ಮಾಲು.

ಬೆಲೆ ಇಳಿಸುವ ಪೈಪೋಟಿಯಲ್ಲಿ ಗೆಲ್ಲಲು ಯಾಕೆ ಆಗುವುದಿಲ್ಲ ಅಂದರೆ, ಎದುರಾಳಿಗೆ ಖರ್ಚೇ ಇಲ್ಲ. ನಮ್ಮೂರ ಬಡಗಿ ಪ್ಲಾಸ್ಟಿಕ್ ಕುರ್ಚಿಯ ಜೊತೆ ಸೆಣಸುವಾಗ ಆ ಕಡೆಯವನಿಗೂ ಕಚ್ಚಾಮಾಲು, ಕೂಲಿ, ಲಾರಿ ಬಾಡಿಗೆ ಇರುತ್ತದೆ. ಬೆಲೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಇಲ್ಲಿ ಹತ್ತು ಸಾವಿರದ ಪ್ರತಿ ಮಾಡಲೂ ಖರ್ಚು ಸೊನ್ನೆ. ನೀವು 300ರಿಂದ 100ಕ್ಕೆ ಇಳಿದರೆ ಅವನು 10ಕ್ಕೆ ಇಳಿಯುತ್ತಾನೆ. ನೀವು 10ಕ್ಕೆ ಬಂದರೆ ಅವನು ಹಾಗೇ ಕೊಡುತ್ತಾನೆ. ಲಿಂಡೆನ್ ಲ್ಯಾಬ್ ಕೂಡ 2009ರ ಕೊನೆಯಲ್ಲಿ ತನ್ನ ಆನ್‌ಲೈನ್ ಮಾರುಕಟ್ಟೆಯಲ್ಲಿ ಪುಕ್ಕಟೆ ವಸ್ತುಗಳನ್ನು ಪಟ್ಟಿಯಲ್ಲಿಡಲು ತಿಂಗಳ ಶುಲ್ಕ ಹಾಕುವ ಯೋಜನೆ ಪ್ರಕಟಿಸಿತ್ತು. ದೊಡ್ಡ ಗಲಾಟೆಯೇ ಆಯಿತು. ಪುಕ್ಕಟೆ ಮಾಲು ಇಂದಿಗೂ ಹೇರಳವಾಗಿ ಸಿಗುತ್ತದೆ.

ಹಾಗಾದರೆ ಈ ಲೋಕದಲ್ಲಿ ಕೊರತೆ ಇರುವುದು ಯಾವುದಕ್ಕೆ? ವಸ್ತುವಿಗೆ ಇಲ್ಲ, ಜಾಗಕ್ಕೆ ಇದೆ. ಸೆಕೆಂಡ್ ಲೈಫ್‌ನಲ್ಲಿ ಕೋಟ್ಯಧಿಪತಿ ಎಂದು 2006ರಲ್ಲಿ ಸುದ್ದಿಯಾದ ಆನ್ಶೆ ಚಂಗ್ ಹಣ ಮಾಡಿದ್ದು ಮುಖ್ಯವಾಗಿ ಭೂಮಿಯ ವ್ಯವಹಾರದಲ್ಲಿ. ಅದರಲ್ಲೇ ನಮಗೆ ಬೇಕಾದ ಸುಳಿವಿದೆ.

ಅಲ್ಲಿ ಪ್ರತಿ ಜಮೀನಿಗೂ ಇಷ್ಟೇ ಸಾಮಾನು ಎಂಬ ಮಿತಿ ಇದೆ. ಅದನ್ನು ‘ಲ್ಯಾಂಡ್ ಇಂಪ್ಯಾಕ್ಟ್’ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಪ್ರೀಮಿಯಂ ಚಂದಾದಾರನಿಗೆ ಸಿಗುವ 1024 ಚದರ ಮೀಟರ್ ಜಾಗದಲ್ಲಿ ಹಿಡಿಯುವುದು 351 ಇಂಪ್ಯಾಕ್ಟ್. 2018ಕ್ಕೆ ಮೊದಲು 234 ಇತ್ತು. ಮನೆ, ಬೇಲಿ, ಮರ, ಮಂಚ ಎಲ್ಲ ಅಷ್ಟರಲ್ಲೇ ಮುಗಿಯಬೇಕು. ಪ್ರತಿ ಮೆಶ್ ವಸ್ತುವಿಗೂ (ತ್ರೀಡಿ ತಂತ್ರಾಂಶದಲ್ಲಿ ಮಾಡಿ ಅಪ್‌ಲೋಡ್ ಮಾಡಿದ ಆಕಾರ) ಡೌನ್‌ಲೋಡ್, ಫಿಸಿಕ್ಸ್ (ತಾಗುವುದು, ಡಿಕ್ಕಿ ಹೊಡೆಯುವುದರ ಲೆಕ್ಕ), ಸರ್ವರ್ ಎಂದು ಮೂರು ತೂಕ. ಅದರಲ್ಲಿ ಯಾವುದು ಜಾಸ್ತಿಯೋ ಅದೇ ಅದರ ಇಂಪ್ಯಾಕ್ಟ್. ಪುಕ್ಕಟೆ ಕುರ್ಚಿಯ ಅಸಲಿ ಬಿಲ್ ಬರುವುದು ಇಲ್ಲಿಂದ.

ನಾನು ಮಾರುವ ತೂಗುಯ್ಯಾಲೆಯನ್ನೇ ತೆಗೆದುಕೊಳ್ಳಿ. ನಮ್ಮ ಹಳೇ ಮನೆಗಳ ಹಜಾರದಲ್ಲಿ ತೂಗುವಂಥದ್ದೇ. ದಪ್ಪ ಹಲಗೆ, ನಾಲ್ಕು ಹಿತ್ತಾಳೆ ಸರಪಳಿ. ಹಲಗೆ ಸುಲಭ, ಪ್ರಾಣ ತಿನ್ನುವುದು ಸರಪಳಿ. ಒಂದು ಕೊಂಡಿಯನ್ನು ಸುತ್ತಳತೆಗೆ 16, ದಪ್ಪಕ್ಕೆ 6 ಭಾಗ ಮಾಡಿ ಉರುಟಾಗಿ ಮಾಡಿದರೆ 192 ಟ್ರಯಾಂಗಲ್ ಆಗುತ್ತದೆ. ಟ್ರಯಾಂಗಲ್ ಅಂದರೆ ಮೆಶ್‌ನ ಮೈ ಕಟ್ಟುವ ಪುಟ್ಟ ತ್ರಿಕೋನ, ಇವು ಹೆಚ್ಚಿದಷ್ಟೂ ಡೌನ್‌ಲೋಡ್ ತೂಕ ಹೆಚ್ಚು. ಅದೇನೂ ಭಾರಿ ನುಣುಪಲ್ಲ, ಸಾಧಾರಣ ಕೆಲಸ. ಒಂದು ಸರಪಳಿಗೆ 40 ಕೊಂಡಿ, ನಾಲ್ಕಕ್ಕೆ 160. ಸರಪಳಿಗಷ್ಟೇ 30,720 ಟ್ರಯಾಂಗಲ್! ಅವಸರದಲ್ಲಿ ಮಾಡಿದ ಕಿಟ್‌ನಲ್ಲಿ ಇದನ್ನು ಹಾಗೇ ಅಪ್‌ಲೋಡ್ ಮಾಡಿರುತ್ತಾರೆ.

ನಾನು ಮಾಡುವುದು ಬೇರೆ. ಒಂದೊಂದು ಸರಪಳಿಗೂ ಎರಡು ಚಪ್ಪಟೆ ಹಾಳೆಯನ್ನು ಅಡ್ಡಡ್ಡ ನಿಲ್ಲಿಸಿ, ಅದರ ಮೇಲೆ ಸರಪಳಿಯ ಚಿತ್ರ ಹಾಕುತ್ತೇನೆ. ಕೊಂಡಿಗಳ ನಡುವಿನ ಜಾಗ ಪಾರದರ್ಶಕ. ಸಾಮಾನ್ಯ ಮೆಶ್‌ನಲ್ಲಿ ಹಾಳೆಯ ಬೆನ್ನು ಕಾಣಿಸುವುದಿಲ್ಲ, ಆದ್ದರಿಂದ ಎರಡೂ ಬದಿಗೆ ಬೇಕು. ಸರಪಳಿಗೆ 8 ಟ್ರಯಾಂಗಲ್, ಒಟ್ಟು 32. ಪಾರದರ್ಶಕತೆಗೆ ಅರೆಬರೆ ಕಾಣುವುದನ್ನೂ ಲೆಕ್ಕ ಹಾಕುವ ಆಲ್ಫಾ ಬ್ಲೆಂಡಿಂಗ್ ಬದಲು, ಕಾಣುತ್ತದೆ ಇಲ್ಲವೇ ಕಾಣುವುದಿಲ್ಲ ಎಂದಷ್ಟೇ ನೋಡುವ ಮಾಸ್ಕಿಂಗ್ ಹಾಕಿದರೆ ನೋಡುವವನ ಕಂಪ್ಯೂಟರ್‌ಗೂ ಹಗುರ. ಕ್ಯಾಮೆರಾ ತೀರಾ ಹತ್ತಿರ ಬಂದರೆ ಹಾಳೆಯ ಗುಟ್ಟು ರಟ್ಟಾಗುತ್ತದೆ, ನಿಜ. ಅದಕ್ಕೇ ಕೂತವರ ಕಣ್ಣಿಗೆ ಬೀಳುವ ಹಲಗೆಯ ನಾಲ್ಕು ಕೊಕ್ಕೆಗಳನ್ನು ಮಾತ್ರ ಅಸಲಿ ಉರುಟಿನಲ್ಲಿ ಮಾಡಿರುತ್ತೇನೆ. ಫಿಸಿಕ್ಸ್‌ಗೆ ಒಂದು ಸಾದಾ ಪೆಟ್ಟಿಗೆಯ ಆಕಾರ ಸಾಕು.

ಈಗ ಲೆಕ್ಕ. ಅಗ್ಗದ ಉಯ್ಯಾಲೆ 30 ಇಂಪ್ಯಾಕ್ಟ್, ನನ್ನದು 4 ಅಂತ ಇಟ್ಟುಕೊಳ್ಳೋಣ. ಒಂದು ಪೂರ್ತಿ ಖಾಸಗಿ ರೀಜನ್‌ನಲ್ಲಿ (ತಿಂಗಳ ದರ ಕೊಟ್ಟು ಇಟ್ಟುಕೊಳ್ಳುವ ದೊಡ್ಡ ಜಮೀನು) 20,000 ಇಂಪ್ಯಾಕ್ಟ್ ಹಿಡಿಯುತ್ತದೆ. 2020ರಲ್ಲಿ ಇಳಿಸಿದ ದರ ತಿಂಗಳಿಗೆ 209 ಡಾಲರ್, ಅಂದರೆ ಸುಮಾರು 52,000 ಲಿಂಡೆನ್. ಭಾಗಿಸಿದರೆ ಒಂದು ಇಂಪ್ಯಾಕ್ಟ್‌ಗೆ ತಿಂಗಳಿಗೆ ಎರಡೂವರೆ ಲಿಂಡೆನ್‌ಗಿಂತ ಸ್ವಲ್ಪ ಜಾಸ್ತಿ. ರೀಜನ್ ಇಟ್ಟುಕೊಂಡವರಿಂದ ಬಾಡಿಗೆಗೆ ಪಡೆದವರಿಗೆ ಅವರ ಲಾಭವೂ ಸೇರುತ್ತದೆ. 26 ಇಂಪ್ಯಾಕ್ಟ್ ವ್ಯತ್ಯಾಸಕ್ಕೆ ತಿಂಗಳಿಗೆ 65 ಲಿಂಡೆನ್ ಮೇಲೆಯೇ ಆಯಿತು. ಐದು ತಿಂಗಳಲ್ಲಿ ಪುಕ್ಕಟೆ ಉಯ್ಯಾಲೆ ನನ್ನ 300 ಲಿಂಡೆನ್ ಉಯ್ಯಾಲೆಗಿಂತ ದುಬಾರಿ. ಈ ಲೆಕ್ಕವನ್ನು ಗ್ರಾಹಕರು ಕಾಗದದ ಮೇಲೆ ಹಾಕುವುದಿಲ್ಲ, ಆದರೆ ಮಿತಿ ತುಂಬಿ ಮಂಚ ಇಡಲು ಜಾಗ ಇಲ್ಲ ಅಂತಾದಾಗ ಅವರ ಕೈ ಮೊದಲು ಹೋಗುವುದು ಆ 30ರ ಉಯ್ಯಾಲೆ ತೆಗೆಯಲು. ನನ್ನ ಗ್ರಾಹಕರಲ್ಲಿ ಬಹಳಷ್ಟು ಜನ ಇಂಥ ಎರಡನೇ ಸುತ್ತಿನವರು. ಪುಕ್ಕಟೆ ಸಾಮಾನಲ್ಲಿ ಮನೆ ತುಂಬಿಸಿ, ಬೇಸತ್ತು ಬಂದವರು. ಹಾಗಾಗಿ ಪುಕ್ಕಟೆ ಮಾಲಿನವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ರೀತಿಯಲ್ಲಿ ಅವರೇ ನನಗೆ ಗಿರಾಕಿ ತಯಾರು ಮಾಡಿಕೊಡುತ್ತಾರೆ.

ಆದರೆ ಇಂಪ್ಯಾಕ್ಟ್ ಎಂಬ ಅಂಕಿಯನ್ನೂ ಕಳ್ಳಾಟದಲ್ಲಿ ಇಳಿಸಬಹುದು. ಪ್ರತಿ ಮೆಶ್‌ಗೂ ನಾಲ್ಕು ಹಂತದ ರೂಪ ಇರುತ್ತದೆ. ಹತ್ತಿರದಿಂದ ನೋಡಲು ಪೂರ್ತಿ ವಿವರದ್ದು, ದೂರ ಹೋದಂತೆ ಸರಳವಾದದ್ದು. ಇದಕ್ಕೆ ಎಲ್‌ಓಡಿ (ಲೆವೆಲ್ ಆಫ್ ಡೀಟೇಲ್) ಅನ್ನುತ್ತೇವೆ. ಕೆಳಗಿನ ಹಂತಗಳಿಗೆ ಬೆರಳೆಣಿಕೆಯ ಟ್ರಯಾಂಗಲ್ ಇಟ್ಟರೆ ಇಂಪ್ಯಾಕ್ಟ್ ಸರ್ರನೆ ಇಳಿಯುತ್ತದೆ. ಪರಿಣಾಮ? ಹತ್ತಿರದಿಂದ ಚೆಂದದ ಉಯ್ಯಾಲೆ. ಅಂಗಳದ ಆ ತುದಿಗೆ ಹೋಗಿ ತಿರುಗಿ ನೋಡಿದರೆ ಗಾಳಿಯಲ್ಲಿ ತೇಲುವ ನಾಲ್ಕು ಚೂರು ತ್ರಿಕೋನ. ಇಂಥ ಅಂಗಡಿಗಳಲ್ಲಿ ‘ನಿಮ್ಮ ಎಲ್‌ಓಡಿ ಸೆಟ್ಟಿಂಗ್ 4ಕ್ಕೆ ಏರಿಸಿಕೊಳ್ಳಿ’ ಎಂಬ ಬೋರ್ಡ್ ಇರುತ್ತದೆ. ಏರಿಸಿದರೆ ದೂರದಿಂದಲೂ ಪೂರ್ತಿ ವಿವರದ ರೂಪವೇ ಕಾಣುತ್ತದೆ. ಮಾಡುವವನು ಮಾಡದ ಕೆಲಸವನ್ನು ಕೊಳ್ಳುವವನ ಗ್ರಾಫಿಕ್ಸ್ ಕಾರ್ಡ್ ಮಾಡಲಿ ಅಂತ! ಆ ಬೋರ್ಡ್ ಕಂಡಲ್ಲಿ ನಾನಂತೂ ಏನೂ ಕೊಳ್ಳುವುದಿಲ್ಲ.

ಕೆಳಗಿನ ಮೂರು ಹಂತಗಳನ್ನು ಅಪ್‌ಲೋಡರ್ ತಾನೇ ಮಾಡಿಕೊಡುತ್ತದೆ. ಆದರೆ ಅದಕ್ಕೆ ಹಲಗೆ ಯಾವುದು, ಸರಪಳಿ ಯಾವುದು ಅಂತ ಗೊತ್ತಿಲ್ಲ, ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ. ಕೈಯಲ್ಲೇ ಮಾಡಿದರೆ ಕೊನೆಯ ಹಂತದಲ್ಲೂ ಒಂದು ಚಪ್ಪಟೆ ಪೆಟ್ಟಿಗೆ ಮತ್ತು ನಾಲ್ಕು ಗೆರೆ ಉಳಿಯುತ್ತದೆ. ದೂರಕ್ಕೆ ಅಷ್ಟು ಸಾಕು, ಉಯ್ಯಾಲೆಯಂತೆಯೇ ಕಾಣುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಕಿಟ್ ಮಾರುವವನಿಗೆ ಆ ಅರ್ಧ ದಿನದಲ್ಲಿ ಇನ್ನೊಂದು ಕಿಟ್ ಮುಗಿಯುತ್ತದೆ, ಅದಕ್ಕೇ ಅವನು ಮಾಡುವುದಿಲ್ಲ. ನಮ್ಮ ವ್ಯಾಪಾರ ನಿಂತಿರುವುದು ಆ ಅರ್ಧ ದಿನದ ಮೇಲೆ.

ಬಟ್ಟೆಯ ವಿಷಯಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಮೈಮೇಲೆ ಹಾಕಿಕೊಂಡದ್ದು ಜಮೀನಿನ ಖಾತೆಗೆ ಬರುವುದೇ ಇಲ್ಲ. ಅಲ್ಲಿ ಕೊರತೆ ಇರುವುದು ಹೊಂದುವ ಅಳತೆಗೆ. ಜನ ತಮ್ಮ ಅವತಾರಕ್ಕೆ ಬಳಸುವ ಮೆಶ್ ದೇಹಗಳು ಹಲವು, ಒಂದೊಂದಕ್ಕೂ ಬಟ್ಟೆಯನ್ನು ಬೇರೆಯಾಗಿ ರಿಗ್ ಮಾಡಬೇಕು, ಅಂದರೆ ದೇಹದ ಜೊತೆ ಅಲುಗುವಂತೆ ಜೋಡಿಸಬೇಕು. ಒಂಟಿಯಾಗಿ ಕೆಲಸ ಮಾಡುವವರು ಅದಕ್ಕೆ ಕೈ ಹಾಕದಿರುವುದೇ ವಾಸಿ ಅಂತ ನನ್ನ ಅನಿಸಿಕೆ.

ಕದ್ದ ಮಾಲಿನ ಬಗ್ಗೆ. ಬೇರೆಯವರ ವಸ್ತುವನ್ನು ಅನುಮತಿಯಿಲ್ಲದೆ ನಕಲು ಮಾಡುವ ‘ಕಾಪಿಬಾಟ್’ ಎಂಬ ಪ್ರೋಗ್ರಾಮ್ 2006ರ ನವೆಂಬರ್‌ನಲ್ಲಿ ಹರಡಿದಾಗ ಎಷ್ಟೋ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದ್ದರು. 2007ರಲ್ಲಿ ಒಂದು ವರ್ಚುವಲ್ ಹಾಸಿಗೆಯ ನಕಲಿನ ವಿಷಯ ಫ್ಲೋರಿಡಾದ ಫೆಡರಲ್ ಕೋರ್ಟಿನವರೆಗೂ ಹೋಯಿತು. ಈಗ ಮೆಶ್ ಅಪ್‌ಲೋಡ್ ಮಾಡಲು ಪಾವತಿ ವಿವರ ಕೊಡಬೇಕು, ಹಕ್ಕುಗಳ ಬಗ್ಗೆ ಒಂದು ಪುಟ್ಟ ಪರೀಕ್ಷೆ ಪಾಸಾಗಬೇಕು. ಕಳ್ಳತನ ನಿಂತಿಲ್ಲ. ನಿಮ್ಮದೇ ವಸ್ತು ಬೇರೆಯವರ ಹೆಸರಲ್ಲಿ ಕಂಡರೆ ಡಿಎಂಸಿಎ (ಅಮೆರಿಕದ ಹಕ್ಕುಸ್ವಾಮ್ಯ ಕಾನೂನು) ಪ್ರಕಾರ ದೂರು ಕೊಡಿ, ಅದಕ್ಕಾಗಿ ಬ್ಲೆಂಡರ್‌ನಲ್ಲಿ (ತ್ರೀಡಿ ಮಾಡೆಲಿಂಗ್ ತಂತ್ರಾಂಶ) ಮಾಡಿದ ಮೂಲ ಕಡತಗಳನ್ನು ತಾರೀಕಿನ ಸಮೇತ ಜೋಪಾನವಾಗಿಡಿ. ಆದರೆ ದಿನವಿಡೀ ಕಳ್ಳರನ್ನು ಹುಡುಕುತ್ತಾ ಕೂರಬೇಡಿ. ಒಂದು ತೆಗೆಸಿದರೆ ಇನ್ನೊಂದು ಖಾತೆಯಲ್ಲಿ ಮತ್ತೆ ಬರುತ್ತದೆ, ಹೊಸ ಮಾಲು ಮಾಡುವ ಸಮಯ ಹಾಳು.

ಅನುಮತಿಗಳ ವಿಷಯದಲ್ಲಿ ತುಂಬಾ ಜನ ಕಳ್ಳರಿಗೆ ಹೆದರಿ ‘ನೋ ಮಾಡಿಫೈ’ ಎಂದು ಬೀಗ ಹಾಕುತ್ತಾರೆ. ಕಾಪಿಬಾಟ್ ಇಟ್ಟುಕೊಂಡವನಿಗೆ ಆ ಬೀಗ ಲೆಕ್ಕಕ್ಕೇ ಇಲ್ಲ. ತೊಂದರೆ ಆಗುವುದು ದುಡ್ಡು ಕೊಟ್ಟವರಿಗೆ. ನಾನು ಕಾಪಿ ಮತ್ತು ಮಾಡಿಫೈ ಎರಡೂ ಕೊಡುತ್ತೇನೆ, ಟ್ರಾನ್ಸ್‌ಫರ್ ಕೊಡುವುದಿಲ್ಲ. ಹಲಗೆಯ ಬಣ್ಣ ಬದಲಾಯಿಸಿಕೊಳ್ಳಲಿ, ಉದ್ದ ಮಾಡಿಕೊಳ್ಳಲಿ, ಮೂರು ಕಡೆ ತೂಗುಹಾಕಲಿ. ಹಾಗೆ ತಮ್ಮ ಕೈಯಾಡಿಸಿದ ವಸ್ತುವನ್ನು ಜನ ಸುಲಭಕ್ಕೆ ಬಿಸಾಡುವುದಿಲ್ಲ.

ಪುಕ್ಕಟೆ ಕೊಡಲೇಬಾರದು ಅಂತಲ್ಲ. ಅಂಗಡಿಯ ಗುಂಪಿಗೆ ಸೇರಿದವರಿಗೆ ನಾನು ಒಂದು ತುಳಸಿಕಟ್ಟೆ ಕೊಡುತ್ತೇನೆ, 1 ಇಂಪ್ಯಾಕ್ಟ್‌ನದು. ಮಾರಾಟವಾಗದೆ ಉಳಿದದ್ದನ್ನು ಉಡುಗೊರೆ ಮಾಡುವ ಚಾಳಿ ಈ ಮಾರುಕಟ್ಟೆಯಲ್ಲಿ ತುಂಬಾ ಇದೆ. ಅದರಿಂದ ನಿಮ್ಮ ಕೆಲಸ ಹೀಗೇ ಇರುತ್ತದೆ ಅಂತ ಜನಕ್ಕೆ ತಿಳಿಯುತ್ತದೆ, ಅಷ್ಟೇ. ತುಳಸಿಕಟ್ಟೆ ಏನು ಅಂತ ಗೊತ್ತಿಲ್ಲದ ಎಷ್ಟೋ ಜನ ಅದನ್ನು ಹೂಕುಂಡ ಅಂದುಕೊಂಡು ಅಂಗಳದಲ್ಲಿ ಇಟ್ಟುಕೊಂಡಿದ್ದಾರೆ, ಇರಲಿ ಬಿಡಿ. ದೂರ ನಿಂತು ನೋಡಿದರೂ ಅದು ಕಟ್ಟೆಯಾಗಿಯೇ ಕಾಣುತ್ತದೆ. ಜಮೀನಿನ ಮಿತಿ ತುಂಬಿದಾಗ ಒಂದೊಂದೇ ಸಾಮಾನಿನ ಇಂಪ್ಯಾಕ್ಟ್ ನೋಡುತ್ತಾ ಹೋಗುವವರಿಗೆ ಇದರ ಮುಂದೆ 1 ಎಂದು ಕಂಡಾಗ, ಮಾಡಿದವರು ಯಾರು ಅಂತ ಪ್ರೊಫೈಲ್ ತೆರೆದು ನೋಡುತ್ತಾರೆ. ಅಂಗಡಿಯ ದಾರಿ ಅಲ್ಲೇ ಹಾಕಿಟ್ಟಿದ್ದೇನೆ.