ಶಿಕ್ಷೆಯೆನಿಸಿಕೊಳ್ಳದ ಸೆರೆವಾಸ

ಅಮೆರಿಕದಲ್ಲಿ ವಲಸೆ ಪ್ರಕರಣಗಳನ್ನು ನಡೆಸುವ ವಕೀಲನಾಗಿ, ಬಂಧಿತರ ಮನೆಯವರಿಗೆ ನಾನು ಮೊದಲು ಹೇಳಬೇಕಾಗುವ ಮಾತು ಕಹಿಯಾದದ್ದು. ನಿಮ್ಮವರು ಬೀಗ ಹಾಕಿದ ಕಟ್ಟಡದೊಳಗೆ ಕಾವಲಿನಲ್ಲಿದ್ದರೂ ಕಾನೂನಿನ ಪ್ರಕಾರ ಶಿಕ್ಷೆ ಅನುಭವಿಸುತ್ತಿಲ್ಲ. ಹಾಗಾಗಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು ಅವರಿಗಿಲ್ಲ.

ಇದರ ಬೇರು ಚೀನೀಯರ ವಿರುದ್ಧ ರೂಪುಗೊಂಡ ಕಾಯ್ದೆಗಳಲ್ಲಿದೆ. 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ತಡೆದ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, 1892ರ ಗಿಯರಿ ಕಾಯ್ದೆಯ ಮೂಲಕ, ಅದಾಗಲೇ ನೆಲೆಸಿದ್ದ ಕಾರ್ಮಿಕರು ವಾಸದ ಪ್ರಮಾಣಪತ್ರ ಪಡೆಯಬೇಕೆಂದೂ, ಅಕ್ರಮವಾಗಿ ಉಳಿದವರನ್ನು ಒಂದು ವರ್ಷದವರೆಗೆ ಸೆರೆಯಲ್ಲಿಟ್ಟು ಕಠಿಣವಾಗಿ ದುಡಿಸಬಹುದೆಂದೂ ವಿಧಿಸಿತು. ಮರುವರ್ಷ ಫಾಂಗ್ ಯೂ ಟಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ ಎಂದಿತು. 1896ರ ವಾಂಗ್ ವಿಂಗ್ ತೀರ್ಪು ಜ್ಯೂರಿಯ (ಸಾಮಾನ್ಯ ನಾಗರಿಕರ ತೀರ್ಪುಗಾರ ಮಂಡಳಿಯ) ಮುಂದೆ ವಿಚಾರಣೆಯಿಲ್ಲದ ಕಠಿಣ ಸೆರೆವಾಸವನ್ನು ತಳ್ಳಿಹಾಕಿತಾದರೂ, ದೇಶದಿಂದ ಕಳುಹಿಸುವವರೆಗೆ ಬಂಧನದಲ್ಲಿಡುವುದಕ್ಕೆ ಅಡ್ಡಿಯಿಲ್ಲವೆಂದಿತು. ಇಂದಿನ ಬಂಧನ ಕೇಂದ್ರಗಳಿಗೆ ಆಧಾರ ಆ ಸಮ್ಮತಿಯೇ.

1929ರಲ್ಲಿ ಅನಧಿಕೃತ ಪ್ರವೇಶವೂ ಗಡೀಪಾರಾದವರ ಮರುಪ್ರವೇಶವೂ ಅಪರಾಧಗಳಾದವು. ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಮೆಕ್ಸಿಕನ್ನರ ಮೇಲೆ.

ನನ್ನ ಕಡತಗಳಲ್ಲಿ ದಿನವೂ ಎದುರಾಗುವುದು ಮಾತ್ರ 1996ರ ಕಾಯ್ದೆಗಳು. ‘ಅಗ್ರವೇಟೆಡ್ ಫೆಲನಿ’ (ಪೌರರಲ್ಲದವರನ್ನು ಗಡೀಪಾರಿಗೆ ಗುರಿಮಾಡುವ ಗಂಭೀರ ಅಪರಾಧಗಳು) ಎಂಬ ವರ್ಗ 1988ರಲ್ಲಿ ಹುಟ್ಟಿದಾಗ ಅದರಲ್ಲಿದ್ದದ್ದು ಕೊಲೆ, ಮಾದಕವಸ್ತು ಮತ್ತು ಶಸ್ತ್ರಾಸ್ತ್ರಗಳ ಸಾಗಾಟ. 1996ರ ನಂತರ ಒಂದು ವರ್ಷದ ಶಿಕ್ಷೆಯಾದ ಕಳ್ಳತನವೂ ಅದರೊಳಗೆ ಸೇರಿತು. ನ್ಯಾಯಾಧೀಶರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಆರೋಪಿಯನ್ನು ಅಂದೇ ಮನೆಗೆ ಕಳುಹಿಸಿದರೂ ಲೆಕ್ಕ ಬದಲಾಗುವುದಿಲ್ಲ. ಅಂಗಡಿಯಲ್ಲಿ ಕದ್ದ ತಪ್ಪಿಗೆ ಗ್ರೀನ್ ಕಾರ್ಡ್ ಇರುವವರೊಬ್ಬರಿಗೆ ಆದೇಶದಲ್ಲಿ 365 ದಿನವೆಂದು ಬರೆದರೆ ಅವರು ಜಾಮೀನಿಲ್ಲದ ಬಂಧನಕ್ಕೂ ಬಹುಪಾಲು ಖಚಿತವಾದ ಗಡೀಪಾರಿಗೂ ಗುರಿಯಾಗಬಹುದು. 364 ಎಂದಿದ್ದರೆ ಆ ವರ್ಗಕ್ಕೆ ಸೇರುವುದಿಲ್ಲ. ಈ ಕಾರಣಕ್ಕಾಗಿಯೇ ಕ್ಯಾಲಿಫೋರ್ನಿಯಾ 2015ರಿಂದ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿತು. ಇಪ್ಪತ್ತು ವರ್ಷ ತೆರಿಗೆ ಕಟ್ಟಿ, ಮಕ್ಕಳನ್ನು ಬೆಳೆಸಿದವರ ಬದುಕು ಒಂದು ದಿನದ ಅಂತರಕ್ಕೆ ಜೋತುಬೀಳುವುದನ್ನು ನಾನು ನ್ಯಾಯವೆಂದು ಒಪ್ಪಲಾರೆ.

ಸುಪ್ರೀಂ ಕೋರ್ಟಿನ 2010ರ ಪಡಿಲಾ ತೀರ್ಪಿನ ಪ್ರಕಾರ, ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಕ್ರಿಮಿನಲ್ ವಕೀಲರು ಕಕ್ಷಿದಾರರನ್ನು ಎಚ್ಚರಿಸಲೇಬೇಕು. ಇಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಇನ್ನೂ ಪೌರತ್ವ ಪಡೆಯದವರು, ‘ಜೈಲಿಲ್ಲ, ಸಹಿ ಮಾಡಿ’ ಎಂಬ ಭರವಸೆಗೆ ಸಹಿ ಹಾಕುವ ಮುನ್ನ, ಆದೇಶದಲ್ಲಿ ಯಾವ ಕಲಮು ಮತ್ತು ಎಷ್ಟು ದಿನ ನಮೂದಾಗಲಿದೆ ಎಂಬುದನ್ನು ವಲಸೆ ವಕೀಲರಿಗೆ ತೋರಿಸಬೇಕು.