ಎರಡು ಚಿತ್ರಗಳ ನಡುವಿನ ಜಾಗ

ನಾನು ಮೊದಲು ಅನಿಮೇಷನ್ ಮಾಡಿದ್ದು ಒಂದು ಚೆಂಡನ್ನು. ಅದು ಮೇಲಿಂದ ಬೀಳಬೇಕು, ನೆಲಕ್ಕೆ ಬಡಿದು ಪುಟಿಯಬೇಕು, ಅಷ್ಟೇ. ನೋಟ್‌ಬುಕ್ಕಿನ ಮೂಲೆಯಲ್ಲಿ ಸ್ಕೇಲ್ ಇಟ್ಟು ಅಳೆದು, ಪ್ರತಿ ಹಾಳೆಯಲ್ಲೂ ಚೆಂಡನ್ನು ಸರಿಯಾಗಿ 5 ಮಿಲಿಮೀಟರ್ ಕೆಳಗಿಳಿಸುತ್ತಾ ಹೋದೆ. ಒಂದೊಂದು ಚೆಂಡೂ ದುಂಡಗೆ, ನೀಟಾಗಿ ಬಂದಿತ್ತು. ಆದರೆ ಹಾಳೆಗಳನ್ನು ಹೆಬ್ಬೆರಳಲ್ಲಿ ಸರ್ರನೆ ಬಿಟ್ಟು ನೋಡಿದರೆ ಚೆಂಡು ಬೀಳುತ್ತಲೇ ಇರಲಿಲ್ಲ. ಯಾರೋ ದಾರ ಕಟ್ಟಿ ಮೆಲ್ಲಗೆ ಇಳಿಬಿಟ್ಟ ಹಾಗಿತ್ತು. ಚಿತ್ರಗಳಲ್ಲಿ ತಪ್ಪಿರಲಿಲ್ಲ. ಚಿತ್ರಗಳ ನಡುವೆ ಬಿಟ್ಟ ಜಾಗದಲ್ಲಿ ತಪ್ಪಿತ್ತು.

ಮರುದಿನ ಆ ಅಂತರಗಳನ್ನು ಬದಲಾಯಿಸಿದೆ. ಮೊದಲ ಎರಡು ಚೆಂಡುಗಳ ನಡುವೆ 1 ಮಿಲಿಮೀಟರ್, ಆಮೇಲೆ 3, 5, 7, ಕೊನೆಗೆ 9. ಒಟ್ಟು ಆರೇ ಚಿತ್ರ, 25 ಮಿಲಿಮೀಟರ್ ದೂರ. ಮೊದಲಿನಷ್ಟೇ ಎತ್ತರ, ಅಷ್ಟೇ ಹಾಳೆ. ಈ ಸಲ ಚೆಂಡು ಬಿತ್ತು. ತೂಕ ಇರುವ ವಸ್ತು ಬೀಳುವ ಹಾಗೇ ಬಿತ್ತು. ನೀವೂ ಮಾಡಿ ನೋಡಿ, ಹತ್ತು ನಿಮಿಷ ಸಾಕು.

1, 3, 5, 7 ಅನ್ನುವ ಈ ಲೆಕ್ಕವನ್ನು ಸುಮಾರು 400 ವರ್ಷಗಳ ಹಿಂದೆ ಕಂಡುಕೊಂಡವನು ಗೆಲಿಲಿಯೊ. ಬೀಳುವ ವಸ್ತು ಒಂದೇ ಅಳತೆಯ ಕಾಲದ ತುಂಡುಗಳಲ್ಲಿ ಸಾಗುವ ದೂರ ಬೆಸಸಂಖ್ಯೆಗಳ ಹಾಗೆ ಬೆಳೆಯುತ್ತಾ ಹೋಗುತ್ತದೆ. ಸಿನಿಮಾದಲ್ಲಿ 1 ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಗೆ 24 ಸಲ ಒಂದೊಂದು ಬಿಡಿ ಚಿತ್ರ ಬರುತ್ತದೆ. ಕೈಬಿಟ್ಟ ಚೆಂಡು ಮೊದಲ 6 ಫ್ರೇಮ್‌ಗಳಲ್ಲಿ, ಅಂದರೆ ಕಾಲು ಸೆಕೆಂಡಿನಲ್ಲಿ, ಬೀಳುವುದು ಸುಮಾರು 31 ಸೆಂಟಿಮೀಟರ್. ಮುಂದಿನ 6 ಫ್ರೇಮ್‌ಗಳಲ್ಲಿ 92 ಸೆಂಟಿಮೀಟರ್. ಅದರ ಮುಂದಿನ 6ರಲ್ಲಿ ಒಂದೂವರೆ ಮೀಟರ್‌ಗಿಂತ ಜಾಸ್ತಿ. ಹಾಗಾಗಿ ಚಿತ್ರಗಳು ಮೇಲ್ಗಡೆ ಒತ್ತೊತ್ತಾಗಿರುತ್ತವೆ, ನೆಲದ ಹತ್ತಿರ ದೂರದೂರ ಇರುತ್ತವೆ. ಪುಟಿದು ಮೇಲೇರುವಾಗ ಇದೇ ಕ್ರಮ ತಿರುಗುಮುರುಗು. ಇನ್ನೊಂದು ವಿಷಯ: ಪುಟಿತದ ಎತ್ತರ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಅದಕ್ಕೆ ಬೇಕಾದ ಸಮಯ ಅರ್ಧಕ್ಕಿಳಿಯುತ್ತದೆ. ಚೆಂಡು ನಿಲ್ಲುವ ಮುಂಚೆ ಟಕ್, ಟಕ್, ಟಕಟಕ ಎಂದು ಅವಸರ ಮಾಡುವುದು ಅದಕ್ಕೇ.

ಈ ಕೆಲಸದಲ್ಲಿರುವವರು ಎರಡು ಮಾತನ್ನು ದಿನವಿಡೀ ಬಳಸುತ್ತಾರೆ. ಒಂದು ಟೈಮಿಂಗ್, ಅಂದರೆ ಒಂದು ಚಲನೆಗೆ ಎಷ್ಟು ಫ್ರೇಮ್ ಅನ್ನುವುದು. ಇನ್ನೊಂದು ಸ್ಪೇಸಿಂಗ್, ಅಂದರೆ ಆ ಫ್ರೇಮ್‌ಗಳ ನಡುವೆ ದೂರವನ್ನು ಹೇಗೆ ಹಂಚುತ್ತೀರಿ ಅನ್ನುವುದು. ನನ್ನ ಎರಡೂ ಚೆಂಡುಗಳ ಟೈಮಿಂಗ್ ಒಂದೇ ಇತ್ತು, ಸ್ಪೇಸಿಂಗ್ ಬೇರೆ. ಇವೆರಡನ್ನು ಬದಲಿಸುತ್ತಾ ಒಂದೇ ಒಂದು ದುಂಡು ಗೆರೆಯಿಂದ ಕಬ್ಬಿಣದ ಗುಂಡನ್ನೂ ಮಾಡಬಹುದು, ಬಲೂನನ್ನೂ ಮಾಡಬಹುದು. ನೆಲಕ್ಕೆ ಬಡಿದಾಗ ರಬ್ಬರ್ ಚೆಂಡನ್ನು ಸ್ವಲ್ಪ ಚಪ್ಪಟೆ ಮಾಡುತ್ತೇವೆ. ಆಗ ಅಗಲ ಹೆಚ್ಚಿದಷ್ಟೂ ಎತ್ತರ ಕಡಿಮೆಯಾಗಬೇಕು. ಇಲ್ಲದಿದ್ದರೆ ಚೆಂಡು ಚಪ್ಪಟೆಯಾಯಿತು ಅನ್ನಿಸುವುದಿಲ್ಲ, ದಪ್ಪಗಾಯಿತು ಅನ್ನಿಸುತ್ತದೆ.

ಕಲಿಯಲು ಬರುವವರು ಬಹಳ ಸಲ ಅಂಜಿಕೆಯಿಂದ ಕೇಳುವ ಪ್ರಶ್ನೆ ಒಂದಿದೆ: "ನನಗೆ ಚಿತ್ರ ಅಷ್ಟು ಚೆನ್ನಾಗಿ ಬರೋಲ್ಲ, ಆಗುತ್ತಾ?" ಆಗುತ್ತದೆ ಎಂದು ನಾನು ಸುಮ್ನೆ ಧೈರ್ಯಕ್ಕೆ ಹೇಳುತ್ತಿಲ್ಲ, ಅದಕ್ಕೆ ಆಧಾರ ಇದೆ. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಬ್ಬ ಮನುಷ್ಯನ ಭುಜ, ಮೊಣಕೈ, ಸೊಂಟ, ಮೊಣಕಾಲು ಹೀಗೆ ಕೀಲುಗಳ ಮೇಲೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆ. ಉಳಿದದ್ದೆಲ್ಲ ಕತ್ತಲು. ಅವನು ಸುಮ್ಮನೆ ನಿಂತಾಗ ನೋಡುವವರಿಗೆ ಕಾಣುವುದು ಚೆಲ್ಲಾಪಿಲ್ಲಿ ಚುಕ್ಕೆಗಳು. ಒಂದು ಹೆಜ್ಜೆ ಇಡಲಿ, ಸೆಕೆಂಡು ಕಳೆಯುವುದರೊಳಗೆ ಎಲ್ಲರೂ ಹೇಳುತ್ತಾರೆ, ಮನುಷ್ಯ ನಡೆಯುತ್ತಿದ್ದಾನೆ ಎಂದು. ಮುಖ ಇಲ್ಲ, ಬಟ್ಟೆ ಇಲ್ಲ, ಒಂದು ಗೆರೆಯೂ ಇಲ್ಲ. ಇರುವುದು ಚಲನೆ ಮಾತ್ರ.

ಅದಕ್ಕೂ ಹಿಂದೆ, 1944ರಲ್ಲಿ, ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಸಂಶೋಧಕರು ಒಂದು ಪುಟ್ಟ ಅನಿಮೇಷನ್ ಮಾಡಿ ಜನರಿಗೆ ತೋರಿಸಿದ್ದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ಚಿಕ್ಕ ವೃತ್ತ, ಬಾಗಿಲಿರುವ ಒಂದು ಆಯತ. ಏನು ನೋಡಿದಿರಿ ಎಂದು ಕೇಳಿದರೆ ಆಕಾರಗಳು ಜರುಗಿದವು ಎಂದು ಹೇಳಿದವರು ಬಹಳ ಕಡಿಮೆ. ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿ ಒಳಗೆ ಓಡಿತು ಎಂದು ಕಥೆಯನ್ನೇ ಹೇಳಿದರು. ನಮ್ಮ ಮಿದುಳು ಚಲನೆಯಲ್ಲಿ ಮನಸ್ಸನ್ನು ಹುಡುಕುತ್ತದೆ. ಅನಿಮೇಟರ್ ಅರ್ಧ ಕೆಲಸ ಮಾಡಿದರೆ ಉಳಿದರ್ಧವನ್ನು ನೋಡುವವರೇ ಮಾಡಿಕೊಳ್ಳುತ್ತಾರೆ. ಚಿತ್ರಕಲೆ ಬೇಡ ಅನ್ನುತ್ತಿಲ್ಲ, ಅದು ಖಂಡಿತ ನೆರವಾಗುತ್ತದೆ. ಆದರೆ ಜೀವ ಬರುವುದು ಇನ್ನೊಂದು ಬಾಗಿಲಿನಿಂದ.

ಇಲ್ಲೇ ಒಂದು ಹಳೆಯ ವಿವರಣೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಣ್ಣಿನಲ್ಲಿ ಚಿತ್ರ ಸ್ವಲ್ಪ ಹೊತ್ತು ಉಳಿಯುತ್ತದೆ, ಅದಕ್ಕೇ ಅನಿಮೇಷನ್ ಓಡಿದಂತೆ ಕಾಣುತ್ತದೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಸೀಳುಗಳಿರುವ ತಿರುಗುವ ತಟ್ಟೆ ಮಾಡಿ ಚಿತ್ರಗಳನ್ನು ಕುಣಿಸಿದ ಕಾಲದಿಂದ ಈ ಮಾತಿದೆ. ಇದು ಪೂರ್ತಿ ಉತ್ತರ ಅಲ್ಲ. ಚಿತ್ರಗಳು ಕಣ್ಣಲ್ಲಿ ಸುಮ್ಮನೆ ಉಳಿಯುತ್ತಿದ್ದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತಲ್ಲ? 1912ರಲ್ಲಿ ಮ್ಯಾಕ್ಸ್ ವರ್ಥೈಮರ್ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿ ನೋಡಿದರು. ಅಂತರ ತೀರಾ ಕಡಿಮೆಯಾದರೆ ಎರಡೂ ಒಟ್ಟಿಗೆ ಇದ್ದಂತೆ ಕಂಡವು. ತೀರಾ ಜಾಸ್ತಿಯಾದರೆ ಒಂದು ಹೋಗಿ ಇನ್ನೊಂದು ಬಂದಂತೆ. ಸುಮಾರು 60 ಮಿಲಿಸೆಕೆಂಡ್ ಇದ್ದಾಗ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಂಡಿತು. ನಡುವಿನ ಚಲನೆಯನ್ನು ಕಟ್ಟಿಕೊಳ್ಳುವುದು ಮಿದುಳು. 24 ಫ್ರೇಮ್‌ಗೆ 24 ಚಿತ್ರ ಬರೆದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ 42 ಮಿಲಿಸೆಕೆಂಡ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಇಟ್ಟರೆ 83. ಕಾರ್ಟೂನ್‌ಗಳಲ್ಲಿ ಬಹಳಷ್ಟು ಕೆಲಸ ಹೀಗೆ 12 ಚಿತ್ರಗಳಲ್ಲೇ ನಡೆಯುತ್ತದೆ. ಕಲಿಯುವವರಿಗೂ ಅದೇ ಒಳ್ಳೆಯದು, ಅರ್ಧ ಶ್ರಮ ಉಳಿಯುತ್ತದೆ. ಆದರೆ ಕೈ ತುಂಬ ಜೋರಾಗಿ ಬೀಸುವಾಗ ಎರಡು ಚಿತ್ರಗಳ ನಡುವೆ ಜಾಗ ಅತಿಯಾದರೆ ಮಿದುಳು ಕೊಂಡಿ ಹಾಕುವುದಿಲ್ಲ, ಕೈ ಪಟಪಟ ಮಿನುಗಿದಂತೆ ಕಾಣುತ್ತದೆ. ಅಂಥ ಕಡೆ ಪ್ರತಿ ಫ್ರೇಮಿಗೂ ಒಂದು ಚಿತ್ರ ಬೇಕು, ಇಲ್ಲವೇ ಕೈಯನ್ನೇ ಉದ್ದಕ್ಕೆ ಎಳೆದು ಬರೆಯಬೇಕು.

ಚೆಂಡಿನ ನಂತರ ಹಿಟ್ಟಿನ ಚೀಲ. ಅನಿಮೇಷನ್ ಕಲಿಸುವವರು ತಲೆಮಾರುಗಳಿಂದ ಕೊಡುತ್ತಿರುವ ಅಭ್ಯಾಸ ಇದು, ನನಗೆ ಇದರ ಮೇಲೆ ಬಹಳ ಪ್ರೀತಿ. ಅರ್ಧ ತುಂಬಿದ ಒಂದು ಚೀಲ. ಮೇಲಿನ ಎರಡು ಮೂಲೆ ಕೈಗಳು, ಕೆಳಗಿನ ಎರಡು ಕಾಲುಗಳು. ಕಣ್ಣು, ಬಾಯಿ ಇಲ್ಲ. ಅದು ಬೇಸರದಲ್ಲಿದೆ ಎಂದು ತೋರಿಸಿ, ಖುಷಿಯಾಗಿದೆ ಎಂದು ತೋರಿಸಿ, ಒಂದು ಮೆಟ್ಟಿಲಿನಿಂದ ಹಾರಿಸಿ. ಬೇಸರವಾದರೆ ಹಿಟ್ಟೆಲ್ಲ ಕೆಳಗೆ ಜಗ್ಗಬೇಕು, ಮೇಲಿನ ಮೂಲೆಗಳು ಜೋಲಬೇಕು. ಹಾರುವ ಮುಂಚೆ ಅದು ಮೊದಲು ಕುಗ್ಗಬೇಕು.

ಈ ಕುಗ್ಗುವುದಕ್ಕೆ ಎರಡು ಕಾರಣ ಇದೆ. ಒಂದು ಮೈಯದು. ಮೊಣಕಾಲು ಮಡಿಸದೆ ಯಾರೂ ಹಾರಲಾರರು, ನೆಲವನ್ನು ಒತ್ತಿ ತಳ್ಳಲು ಆ ದೂರ ಬೇಕು. ಎರಡನೆಯದು ನೋಡುವವರ ಕಣ್ಣಿನದು. ಏನೋ ಹೊಸದು ಶುರುವಾದಾಗ ನಮ್ಮ ಕಣ್ಣು ಅತ್ತ ಹೊರಳಲು ಸುಮಾರು 200 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 24ರ ಲೆಕ್ಕದಲ್ಲಿ ಅದು ಹತ್ತಿರಹತ್ತಿರ 5 ಫ್ರೇಮ್. ಚೀಲ ಯಾವ ಸುಳಿವೂ ಇಲ್ಲದೆ 4 ಫ್ರೇಮ್‌ಗಳಲ್ಲಿ ಹಾರಿಬಿಟ್ಟರೆ ನೋಡುವವರಿಗೆ ಅದು ಸಿಕ್ಕುವುದೇ ಇಲ್ಲ. ಮೊದಲು ಕುಗ್ಗಿದರೆ ಕಣ್ಣು ಅಲ್ಲಿಗೆ ಬಂದು ಕಾದಿರುತ್ತದೆ.

ಡಿಸ್ನಿ ಸ್ಟುಡಿಯೋದ ಹಿರಿಯ ಅನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್‌ಟನ್ 1981ರಲ್ಲಿ ಇಂಥ 12 ಸೂತ್ರಗಳನ್ನು ಬರೆದಿಟ್ಟರು. ಅವು 1930ರ ದಶಕದಿಂದ ಅಲ್ಲಿ ಕೆಲಸ ಮಾಡುತ್ತಾ ಕಂಡುಕೊಂಡ ವಿಷಯಗಳು. ಈಗ ಎಲ್ಲ ಕಡೆ ಅವುಗಳ ಪಟ್ಟಿ ಸಿಗುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ ಎನ್ನುವುದು ನನ್ನ ಮಾತು. ಒಂದು ಸೂತ್ರಕ್ಕೆ ಒಂದು ವಾರ ಕೊಟ್ಟು, ಚೀಲದ ಮೇಲೆ ಪ್ರಯೋಗ ಮಾಡಿ.

ನಡಿಗೆ ಮಾತ್ರ ಕಷ್ಟ. ಅವಸರ ಬೇಡ. ಒಂದು ಹೆಜ್ಜೆಗೆ 12 ಫ್ರೇಮ್ ಇಟ್ಟುಕೊಳ್ಳಿ, ಸೆಕೆಂಡಿಗೆ ಎರಡು ಹೆಜ್ಜೆಯಾಗುತ್ತದೆ. ಹಿಮ್ಮಡಿ ನೆಲ ಮುಟ್ಟುವುದು, ಭಾರ ಬಿದ್ದು ಮೈ ಕೆಳಗಿಳಿಯುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಮೇಲೇಳುವುದು. ಈ ನಾಲ್ಕು ಭಂಗಿ ಸರಿ ಇದ್ದರೆ ಉಳಿದದ್ದು ಅವುಗಳ ನಡುವೆ ತುಂಬುವ ಕೆಲಸ. ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ಕಾಲುಗಳಿಗೆ ಪೂರ್ತಿ ಗಮನ ಕೊಟ್ಟು, ತಲೆಯನ್ನು ಒಂದೇ ಎತ್ತರದಲ್ಲಿ ಬಿಟ್ಟುಬಿಡುತ್ತಾರೆ. ಆಗ ಪಾತ್ರ ನಡೆಯುವುದಿಲ್ಲ, ಚಕ್ರದ ಮೇಲೆ ಜಾರುತ್ತದೆ. ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ ಬರುವುದು ಚಂದಕ್ಕಲ್ಲ, ಕಾಲುಗಳಿಂದ ಮೈ ತಿರುಚದಂತೆ ಕೈಗಳು ಅದನ್ನು ಸರಿದೂಗಿಸುತ್ತವೆ. ಫೋನಿನಲ್ಲಿ ನಿಮ್ಮದೇ ನಡಿಗೆಯನ್ನು ಪಕ್ಕದಿಂದ ತೆಗೆಸಿಕೊಂಡು ಒಂದೊಂದೇ ಫ್ರೇಮ್ ಸರಿಸಿ ನೋಡಿ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ಕಾಲುಗಳನ್ನು ನೋಡಲು ಸಾಲುಸಾಲಾಗಿ ಕ್ಯಾಮೆರಾ ಇಡಬೇಕಾಯಿತು. ನಮಗೆ ಅದು ಜೇಬಿನಲ್ಲೇ ಇದೆ. ಆದರೆ ಆ ವಿಡಿಯೋದ ಮೇಲೆ ನೇರವಾಗಿ ಗೆರೆ ಎಳೆದು ನಕಲು ಮಾಡಬೇಡಿ. ಮ್ಯಾಕ್ಸ್ ಫ್ಲೈಷರ್ ಅವರಿಗೆ 1917ರಲ್ಲೇ ಆ ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು, ಅದಕ್ಕೆ ಅದರದ್ದೇ ಉಪಯೋಗ ಇದೆ. ಕಲಿಯುವಾಗ ಮಾತ್ರ ಅದು ಕೈಯನ್ನು ಓಡಿಸುತ್ತದೆ, ತಲೆಯನ್ನು ಓಡಿಸುವುದಿಲ್ಲ.

ಮಾತಾಡಿಸುವ ಹಂತಕ್ಕೆ ಬಂದಾಗ ನಮ್ಮ ವರ್ಣಮಾಲೆ ಸಹಾಯಕ್ಕೆ ಬರುತ್ತದೆ. ಪ, ಬ, ಮ ಹೇಳುವಾಗ ತುಟಿ ಕೂಡಲೇಬೇಕು, ಶಾಲೆಯಲ್ಲಿ ಓಷ್ಠ್ಯ ಎಂದು ಕಲಿತದ್ದು ಇದನ್ನೇ. "ಅಮ್ಮ" ಎನ್ನುವ ಪಾತ್ರದ ತುಟಿ ಮುಚ್ಚದಿದ್ದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಕ, ತ, ನಗಳಲ್ಲಿ ಬಾಯಿಯ ಆಕಾರ ಸ್ವಲ್ಪ ಆಚೀಚೆ ಆದರೂ ಯಾರೂ ಗಮನಿಸುವುದಿಲ್ಲ. ಅಕ್ಷರಕ್ಕೊಂದು ಬಾಯಿ ಬರೆಯಲು ಹೋಗಬೇಡಿ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್ಸಿಲ್2ಡಿ, ಕ್ರಿಟಾ, ಓಪನ್‌ಟೂನ್ಜ್, ಬ್ಲೆಂಡರ್ ಎಲ್ಲವೂ ಉಚಿತ. ಮೊದಲ ದಿನಗಳಿಗೆ ಪೆನ್ಸಿಲ್2ಡಿ ಸಾಕು. ಬೇಕಾದದ್ದು ಆನಿಯನ್ ಸ್ಕಿನ್ ಎಂಬ ಒಂದು ಸೌಲಭ್ಯ, ಹಿಂದಿನ ಚಿತ್ರವನ್ನು ಮಸುಕಾಗಿ ಕೆಳಗೆ ತೋರಿಸುತ್ತದೆ. ಎಚ್ಚರ ಬೇಕಾದದ್ದು ನಡುವಿನ ಫ್ರೇಮ್‌ಗಳನ್ನು ಕಂಪ್ಯೂಟರೇ ತುಂಬಿಕೊಡುವ ಕಡೆ. ಅದಕ್ಕೆ ತೂಕ ಗೊತ್ತಿಲ್ಲ. ಅದು ಸುತ್ತಿಗೆಯನ್ನೂ ಗರಿಯನ್ನೂ ಒಂದೇ ನಯದಲ್ಲಿ ತೇಲಿಸುತ್ತದೆ. ಚಲನೆ ಎಲ್ಲಿ ನಿಧಾನ, ಎಲ್ಲಿ ವೇಗ ಎಂದು ತೋರಿಸಲು ಅಲ್ಲಿರುವ ಗ್ರಾಫಿನ ಗೆರೆಯನ್ನು ಹಿಡಿದು ಬಗ್ಗಿಸುವುದು, ನೋಟ್‌ಬುಕ್ಕಿನಲ್ಲಿ 1, 3, 5, 7 ಎಂದು ಅಳೆಯುವುದು, ಎರಡೂ ಒಂದೇ ಕೆಲಸ.

ನನ್ನ ಹಿಟ್ಟಿನ ಚೀಲ ಮೆಟ್ಟಿಲಿನಿಂದ ಹಾರುವ ದೃಶ್ಯ ವಾರಗಟ್ಟಲೆ ನನ್ನನ್ನು ಕಾಡಿತ್ತು. ಕುಗ್ಗುವುದು ಸರಿ ಇತ್ತು, ಹಾರುವುದು ಸರಿ ಇತ್ತು, ಬಿದ್ದಾಗ ಹಿಟ್ಟು ಜಗ್ಗುವುದೂ ಸರಿ ಇತ್ತು. ಆದರೂ ಅದು ಬರೀ ಚೀಲ. ಒಂದು ಸಂಜೆ, ಅದು ಮೆಟ್ಟಿಲಿನ ಅಂಚಿಗೆ ಬಂದು ಕೆಳಗೆ ಬಾಗಿದ ಚಿತ್ರವನ್ನು 10 ಫ್ರೇಮ್ ಜಾಸ್ತಿ ಹೊತ್ತು ನಿಲ್ಲಿಸಿದೆ. ಹೊಸದಾಗಿ ಏನನ್ನೂ ಬರೆಯಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಕ್ಕನ ಮಗಳು ಪರದೆಯ ಹತ್ತಿರ ಬಗ್ಗಿ, "ಅಯ್ಯೋ, ಅದಕ್ಕೆ ಭಯ ಆಗ್ತಿದೆ ಅಲ್ವಾ ಮಾಮ?" ಎಂದಳು.