ಫೆಬ್ರವರಿಯ ಬಿಸಿಗಾಳಿ, ಮೇ ತಿಂಗಳ ಸೆಖೆ: ಕರಾವಳಿಯ ತಾಪದ ಲೆಕ್ಕ

2025ರ ಫೆಬ್ರವರಿ ಕೊನೆಯಲ್ಲಿ, ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲ ಇನ್ನೂ ಮುಗಿಯದಿದ್ದಾಗಲೇ, ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಮುನ್ನೆಚ್ಚರಿಕೆ ಬಂತು. ಮಂಗಳೂರು, ಉಡುಪಿಯ ಅನೇಕರಿಗೆ ಬಿಸಿಲಿಗಿಂತ ಆ ಹೆಸರೇ ಗೊಂದಲ ತಂದಿತು: ಮೈ ಒಣಗಲು ಬಿಡದ ಏಪ್ರಿಲ್–ಮೇ ತಿಂಗಳ ಸೆಖೆಗೆ ಸಾಮಾನ್ಯವಾಗಿ ದಕ್ಕದ ಹೆಸರು ಫೆಬ್ರವರಿಗೆ ಹೇಗೆ ದಕ್ಕಿತು?

1875ರಲ್ಲಿ ಸ್ಥಾಪನೆಯಾದ ಇಲಾಖೆಯ ಮಾನದಂಡ ನಿಂತಿರುವುದು ಹಗಲಿನ ಗರಿಷ್ಠ ಉಷ್ಣಾಂಶದ ಮೇಲೆ. ಬಯಲು ಪ್ರದೇಶದಲ್ಲಿ 40, ಗುಡ್ಡಗಾಡಿನಲ್ಲಿ 30, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿರಬೇಕು. ಕರಾವಳಿಯಲ್ಲಿ ಅದು ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಹವಾಮಾನ ಉಪವಿಭಾಗವೊಂದರ ಎರಡು ಮಾಪನ ಕೇಂದ್ರಗಳಲ್ಲಾದರೂ ಸತತ ಎರಡು ದಿನ ಹೀಗಿದ್ದರೆ ಎರಡನೆಯ ದಿನ ಘೋಷಣೆಯಾಗುತ್ತದೆ. 2010ರ ಬೇಸಿಗೆಯ ಸಾವುಗಳ ಬಳಿಕ 2013ರಲ್ಲಿ ಅಹಮದಾಬಾದ್ ನಗರ ತಾಪ ಕ್ರಿಯಾ ಯೋಜನೆಯನ್ನು ರೂಪಿಸಿತು. ಅಲ್ಲಿಂದೀಚೆಗೆ ಇಂಥ ಘೋಷಣೆ ಆಡಳಿತವನ್ನೂ ಎಚ್ಚರಿಸುವ ಗಂಟೆಯಾಗಿದೆ.

ನಮ್ಮಲ್ಲಿ ಈ ಗಂಟೆ ಬಾರಿಸುವುದು ಮುಖ್ಯವಾಗಿ ಮೂಡಣ ಗಾಳಿ. ಫೆಬ್ರವರಿ–ಮಾರ್ಚ್‌ನಲ್ಲಿ ಘಟ್ಟದಿಂದ ಇಳಿಯುತ್ತ ಬಿಸಿಯೇರುವ ಒಣಗಾಳಿ ಕಡಲ ಗಾಳಿಯನ್ನು ಮಧ್ಯಾಹ್ನದವರೆಗೂ ತಡೆದು ನಿಲ್ಲಿಸಿದರೆ, ಪಣಂಬೂರು ಮತ್ತು ಬಜ್ಪೆಯ ತಾಪಮಾಪಕಗಳು 37 ದಾಟಬಲ್ಲವು. ಮೇ ತಿಂಗಳಲ್ಲಿ ಕಡಲ ಗಾಳಿಯದೇ ಮೇಲುಗೈಯಾಗಿ ಪಾದರಸ 34ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ 34 ಡಿಗ್ರಿಗೆ ಶೇ. 70ರ ಆರ್ದ್ರತೆ ಸೇರಿದರೆ, ಬೆವರು ಆರದ ದೇಹಕ್ಕೆ ಅದು ತಾಪ ಸೂಚ್ಯಂಕದ ಪ್ರಕಾರ 45 ಡಿಗ್ರಿಗೂ ಮೇಲಿನ ಅನುಭವ. ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರಿಗೆ ಈ ಸೂಚ್ಯಂಕವನ್ನು ವಿವರಿಸಬೇಕಾಗಿಲ್ಲ. ಇಲಾಖೆ ಇದನ್ನು 2023ರಲ್ಲಿ ಪ್ರಾಯೋಗಿಕವಾಗಿ ಪ್ರಕಟಿಸತೊಡಗಿತಾದರೂ, ಬಿಸಿಗಾಳಿಯ ವ್ಯಾಖ್ಯೆಯೊಳಗೆ ಅದಕ್ಕೆ ಜಾಗ ಮಾಡಿಕೊಡಲಿಲ್ಲ.

‘ವಾಡಿಕೆ’ಯೂ ಸ್ಥಿರವಲ್ಲ. ಅದು 30 ವರ್ಷಗಳ ಸರಾಸರಿ. 1981–2010ರ ಬದಲು 1991–2020ನ್ನು ಆಧಾರವಾಗಿಟ್ಟುಕೊಂಡರೆ, ನಡುವೆ ಏರಿದ ಉಷ್ಣಾಂಶವೂ ವಾಡಿಕೆಯೇ ಆಗಿಬಿಡುತ್ತದೆ.

ಇನ್ನು ರಾತ್ರಿಯದು ಬೇರೆಯೇ ಕಥೆ. ‘ಬೆಚ್ಚನೆಯ ರಾತ್ರಿ’ ಎಂಬ ವರ್ಗವೇನೋ ಇದೆ, ಆದರೆ ಕನಿಷ್ಠ ಉಷ್ಣಾಂಶ ಎಷ್ಟೇ ಏರಿದರೂ ಗರಿಷ್ಠ ಉಷ್ಣಾಂಶ 40 ಮುಟ್ಟದಿದ್ದರೆ ಅದು ಅನ್ವಯಿಸುವುದಿಲ್ಲ. ಕರಾವಳಿಯಲ್ಲಿ 40 ಅಪರೂಪ. ಹೀಗಾಗಿ, ಹಂಚಿನ ಮಾಡು ಇಳಿಸಿ ತಾರಸಿ ಹಾಕಿಸಿದ ಮನೆಗಳಲ್ಲಿ ಹಗಲ ಬಿಸಿಯನ್ನು ಹೀರಿಕೊಂಡ ಕಾಂಕ್ರೀಟು ನಡುರಾತ್ರಿಯವರೆಗೂ ಕಾವು ಬಿಡುತ್ತಿದ್ದರೂ, ದಾಖಲೆಯಲ್ಲಿ ಅದು ಸಾಮಾನ್ಯ ರಾತ್ರಿಯೇ.